ಲಕ್ಷದ್ವೀಪ ತೋರಿಸುವ ಮಹನೀಯರಿಗೊಂದು ಬಹಿರಂಗ ಪತ್ರ

ಪ್ಯಾಕೇಜ್ ಟೂರ್ ನಡೆಸುವ ಸನ್ಮಾನ್ಯರಿಗೆ,

 

2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪದ ಕಡಲಿಗಿಳಿದ ಚಿತ್ರಗಳು ದೇಶವೆಲ್ಲ ಹರಿದಾಡಿದವು. ಅಲ್ಲಿಯವರೆಗೆ ಊಟಿ, ಮುನ್ನಾರ್ ಎನ್ನುತ್ತಿದ್ದ ತಾವು ತಡಮಾಡದೆ ದ್ವೀಪದ ಬೋರ್ಡು ಏರಿಸಿದಿರಿ. ಅದೇ ವರ್ಷ ಮಾರ್ಚ್ 31ರಿಂದ ಬೆಂಗಳೂರಿನಿಂದ ಅಲ್ಲಿನ ಅಗತ್ತಿ ದ್ವೀಪಕ್ಕೆ ನೇರ ವಿಮಾನವೂ ಶುರುವಾಯಿತು. ನಮ್ಮ ಮನೆಯಲ್ಲಿ ಈ ಸಲದ ರಜೆಗೆ ಲಕ್ಷದ್ವೀಪ ಎಂಬ ಮಾತು ಎದ್ದದ್ದು ತಮ್ಮ ಕರಪತ್ರ ನೋಡಿಯೇ. ಆ ಉಪಕಾರವನ್ನು ಮೊದಲು ನೆನೆಯುತ್ತೇನೆ. ಉಳಿದದ್ದನ್ನೂ ಬಿಚ್ಚಿ ಹೇಳಲು ಅಪ್ಪಣೆಯಾಗಬೇಕು.

ಕರಪತ್ರದ ಮುಖಪುಟದಲ್ಲಿ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳ ಸಾಲನ್ನು ತಾವು ಅಚ್ಚು ಹಾಕಿಸಿದ್ದೀರಿ. ಬಹಳ ಸುಂದರವಾಗಿದೆ, ಆದರೆ ಅದು ಮಾಲ್ದೀವ್ಸ್. ಲಕ್ಷದ್ವೀಪದ ಕದಮತ್ ದ್ವೀಪದಲ್ಲಿ ನಮಗೆ ಸಿಗುವುದು ತೆಂಗಿನ ಮರಗಳ ಮಧ್ಯದ ಸರಳವಾದ ಕಾಟೇಜು, ಅದು ನಮಗೆ ಬೇಕಾದಷ್ಟಾಯಿತು. ಇರುವ ಚಂದವನ್ನೇ ತೋರಿಸಿದ್ದರೆ ಸಾಕಿತ್ತು ಸ್ವಾಮಿ. ಬಂಗಾರಂ ದ್ವೀಪ ಒಂದನ್ನು ಬಿಟ್ಟರೆ ಅಲ್ಲೆಲ್ಲ ಪಾನನಿಷೇಧ ಎಂಬುದನ್ನೂ ತಾವು ಎಲ್ಲಿಯೂ ಬರೆದಿಲ್ಲ. ಸಂಜೆಯ ಪಾರ್ಟಿಯ ಚಿತ್ರ ಮಾತ್ರ ಇದೆ.

ಲಕ್ಷದ್ವೀಪಕ್ಕೆ ಕಾಲಿಡಲು ಭಾರತೀಯರಿಗೂ ಪರವಾನಗಿ ಬೇಕು. 1967ರಿಂದಲೂ ಇರುವ ನಿಯಮ ಇದು. ತಾವು ಮುಂಗಡ ಕಟ್ಟಿಸಿಕೊಂಡಿರಿ, ರಸೀದಿ ಕೊಟ್ಟಿರಿ, ಆಮೇಲೆ ಪೊಲೀಸ್ ಠಾಣೆಯ ಪತ್ರ ತನ್ನಿ ಎಂದು ಸಂದೇಶ ಕಳಿಸಿದಿರಿ. ನಾಲ್ಕು ಜನರ ಕಾಗದಪತ್ರ ಹಿಡಿದು ಠಾಣೆಯ ಬೆಂಚಿನ ಮೇಲೆ ಕೂತಾಗ ನಿಯಮವೇನು, ಯಾಕಿದೆ ಎಂದು ಓದಿಕೊಳ್ಳಲು ಸಮಯ ಸಿಕ್ಕಿತು. ಅಷ್ಟು ಚಿಕ್ಕ ನೆಲದಲ್ಲಿ, ಅಷ್ಟು ಕಡಿಮೆ ನೀರಿನಲ್ಲಿ ಬಾಳುವ ಜನರಿಗಾಗಿ ಆ ನಿಯಮ ಇರಲೇಬೇಕು ಎಂಬುದು ಅಲ್ಲಿಯೇ ನನಗೆ ಮನವರಿಕೆಯಾಯಿತು. ಹಾಗೆ ಓದುವಂತೆ ಮಾಡಿದ ತಮಗೆ ನಾನು ಹೇಳುವ ಧನ್ಯವಾದ ಬಾಯಿಮಾತಿನದಲ್ಲ.

ಇನ್ನು ಅಮ್ಮನ ವಿಷಯ. ಅವರಿಗೆ ಮೊಣಕಾಲು ನೋವು, ಹಡಗಿನಲ್ಲಿ ಕರೆದುಕೊಂಡು ಹೋಗಬಹುದೇ ಎಂದು ಕೇಳಿದ್ದಕ್ಕೆ ತಮ್ಮ ಕಚೇರಿಯ ಹುಡುಗ, ‘ಏನೂ ತೊಂದರೆ ಇಲ್ಲ ಮೇಡಂ, ಹಡಗು ಅಂದ್ರೆ ಹೋಟೆಲ್ ಇದ್ದ ಹಾಗೆ’ ಎಂದ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಹೇಳಿಕೊಟ್ಟದ್ದನ್ನು ಅವನು ಹೇಳಿದ. ನಿಜ ಸಂಗತಿ ತಿಳಿಸಿದವರು ನಮ್ಮ ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಮಂಜಿಗೆ, ಅಂದರೆ ಸರಕಿನ ನೌಕೆಗೆ, ಸಾಮಾನು ಹೇರಿಸುತ್ತಿದ್ದ ಅಮಿನಿ ದ್ವೀಪದ ಹಿರಿಯರೊಬ್ಬರು. ಕೊಚ್ಚಿಯಿಂದ ಹೊರಟ ಹಡಗಿಗೆ, ಯಾವ ದ್ವೀಪ ಎಂಬುದರ ಮೇಲೆ, 14ರಿಂದ 18 ಗಂಟೆ ಹಿಡಿಯುತ್ತದೆ. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ಲಗೂನು. ಹಾಗಾಗಿ ಹಲವು ಕಡೆ ದೊಡ್ಡ ಹಡಗು ದಡಕ್ಕೆ ಬರುವುದೇ ಇಲ್ಲ, ಹೊರಗೆ ಆಳದಲ್ಲಿ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆರೆಯುತ್ತಾರೆ. ಕೆಳಗೆ ಸಣ್ಣ ದೋಣಿ ಅಲೆಗೆ ಏರುತ್ತದೆ, ಇಳಿಯುತ್ತದೆ. ಅದು ಮೇಲಕ್ಕೆ ಬಂದ ಗಳಿಗೆ ನೋಡಿ ಕಾಲಿಡಬೇಕು, ಆಚೆಯಿಂದ ಇಬ್ಬರು ತೋಳು ಹಿಡಿದು ಇಳಿಸಿಕೊಳ್ಳುತ್ತಾರೆ. ಇಷ್ಟನ್ನೂ ಆ ಹಿರಿಯರು ಅಮ್ಮನ ಎದುರೇ, ಕೈಯಲ್ಲಿ ಏರಿಳಿತ ತೋರಿಸಿ ಹೇಳಿದರು. ತಮ್ಮ ಕಚೇರಿಯಲ್ಲಿ ಯಾರೂ ಇದನ್ನು ಹೇಳಲಿಲ್ಲ. ಅರಬ್ಬಿ ಸಮುದ್ರದ ಮಳೆಗಾಲದಲ್ಲಿ ಇದು ಇನ್ನೆಷ್ಟು ಕಷ್ಟ ಎಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಆದರೂ ತಾವು ಜುಲೈ ತಿಂಗಳಿಗೆ ‘ವಿಶೇಷ ರಿಯಾಯಿತಿ’ ಕೊಡುತ್ತಿದ್ದೀರಿ.

ಅದೇ ಹಡಗಿನಲ್ಲಿ ದ್ವೀಪದ ರೋಗಿಗಳು ಕೊಚ್ಚಿಯ ಆಸ್ಪತ್ರೆಗೆ ಹೋಗಿ ಬರಬೇಕು, ಮಕ್ಕಳು ಕಾಲೇಜಿಗೆ ಹೋಗಬೇಕು. ನಮ್ಮ ರಜೆಯ ಸೀಟು ಯಾರ ಸೀಟಿನ ಪಕ್ಕದ್ದು ಎಂದು ಯಾತ್ರಿಕರಿಗೆ ಒಂದು ಮಾತು ಹೇಳಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸನ್ಮಾನ್ಯರೇ, ತಮ್ಮ ಕರಪತ್ರದಲ್ಲಿ ಒಬ್ಬ ದ್ವೀಪವಾಸಿಯೂ ಇಲ್ಲ. ‘ಯಾರೂ ಮುಟ್ಟದ ಸ್ವರ್ಗ’ ಎಂದು ಬರೆದಿದ್ದೀರಿ. ಆ ಸ್ವರ್ಗದ ಒಟ್ಟು ನೆಲ 32 ಚದರ ಕಿಲೋಮೀಟರ್, ಜನವಸತಿ ಇರುವುದು 10 ದ್ವೀಪಗಳಲ್ಲಿ. 2011ರ ಜನಗಣತಿಯಲ್ಲೇ ಅಲ್ಲಿದ್ದವರು 64 ಸಾವಿರಕ್ಕೂ ಹೆಚ್ಚು ಜನ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇವತ್ತಿಗೂ ನಮ್ಮ ಧಕ್ಕೆಯಿಂದ ಅಲ್ಲಿಗೆ ಮಂಜಿಗಳು ಹೋಗುತ್ತವೆ. ಸಿಮೆಂಟು, ಜಲ್ಲಿ, ಮರಳು, ಅಕ್ಕಿ, ಈರುಳ್ಳಿ, ತರಕಾರಿ ಎಲ್ಲ ಇಲ್ಲಿಂದಲೇ ಹೊರಡುತ್ತದೆ, ಅಲ್ಲಿಂದ ತೆಂಗು, ಕೊಬ್ಬರಿ ಬರುತ್ತದೆ. ತಾವು ‘ಅನಿಯಮಿತ ಬಫೆ’ ಎಂದು ಮಾರುವ ಊಟದ ಒಂದೊಂದು ಟೊಮೆಟೊ ಕಡಲು ದಾಟಿಯೇ ಹೋಗಬೇಕು.

ನೀರಿನ ಮಾತಂತೂ ಕೇಳಲೇಬೇಕು. ತಮ್ಮ ಪಟ್ಟಿಯಲ್ಲಿ ‘24 ಗಂಟೆ ನೀರು’ ಎಂಬ ಭರವಸೆ ದಪ್ಪಕ್ಷರದಲ್ಲಿದೆ. ಆ ದ್ವೀಪಗಳಲ್ಲಿ ಹೊಳೆಯಿಲ್ಲ, ಬೆಟ್ಟವಿಲ್ಲ. ಹವಳದ ಮರಳಿನಲ್ಲಿ ಇಂಗಿದ ಮಳೆನೀರು, ಉಪ್ಪುನೀರಿಗಿಂತ ಹಗುರವಾದ್ದರಿಂದ, ಅದರ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಬಾವಿಗಳಲ್ಲಿ ಸೇದುವುದು ಅದನ್ನೇ. ಪಂಪು ಹಚ್ಚಿ ಜೋರಾಗಿ ಎಳೆದರೆ ಅಡಿಯ ಉಪ್ಪುನೀರು ಮೇಲೇರುತ್ತದೆ. ಶೌಚದ ಗುಂಡಿಯ ಕೊಳೆಯೂ ಅದೇ ಮರಳಿನಲ್ಲಿ ಇಳಿದು ಅದೇ ಬಾವಿ ಸೇರುತ್ತದೆ. 2005ರಲ್ಲಿ ಕವರತ್ತಿ ದ್ವೀಪದಲ್ಲಿ ಕಡಲನೀರನ್ನು ಸಿಹಿ ಮಾಡುವ ಘಟಕ ಶುರುವಾಯಿತು. ಕಡಿಮೆ ಒತ್ತಡದಲ್ಲಿ ಮೇಲ್ಮೈಯ ಬೆಚ್ಚನೆಯ ನೀರನ್ನು ಆವಿ ಮಾಡಿ, ಕಡಲಾಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ವ್ಯವಸ್ಥೆ ಅದು. ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್. ಕೇಳಲು ದೊಡ್ಡ ಲೆಕ್ಕ. 2011ರಲ್ಲಿ ಕವರತ್ತಿಯಲ್ಲಿದ್ದ 11 ಸಾವಿರಕ್ಕೂ ಮಿಕ್ಕ ಜನರಿಗೆ ಹಂಚಿದರೆ ತಲೆಗೆ ಸುಮಾರು ಒಂಬತ್ತು ಲೀಟರ್, ಒಂದು ಕೊಡಪಾನವೂ ತುಂಬದು. ತಮ್ಮ ಅತಿಥಿ ಮಿಂದು ಬಂದು ಮರಳು ತೊಳೆದುಕೊಳ್ಳಲು ಶವರ್ ತಿರುಗಿಸಿದರೆ ಅಷ್ಟು ನೀರು ಎರಡು ನಿಮಿಷಕ್ಕೆ ಖಾಲಿ. ಆ ಭರವಸೆಯನ್ನು ದ್ವೀಪದ ಹೆಂಗಸರನ್ನು ಕೇಳಿ ಕೊಟ್ಟಿರಾ?

ಹವಳದ ಬಗ್ಗೆ ತಮಗಿರುವ ಪ್ರೀತಿ ದೊಡ್ಡದು. ‘ಕೈಯಿಂದ ಮುಟ್ಟಿ ನೋಡಿ’ ಎಂದೇ ಆಹ್ವಾನಿಸಿದ್ದೀರಿ. ದಯವಿಟ್ಟು ಆ ಸಾಲನ್ನು ತೆಗೆಸಿ. ಹವಳ ಜೀವಿಗಳ ಕಾಲೊನಿ, ತುಳಿದರೆ ಸಾಯುತ್ತದೆ. ಕಡಲು ಬಿಸಿಯಾದಾಗ ತನ್ನೊಳಗಿದ್ದು ಅನ್ನ ಕೊಡುವ ಪಾಚಿಯನ್ನು ಅದು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸತ್ತೇ ಹೋಗುತ್ತದೆ. 1998, 2010, 2016, ಮತ್ತೆ 2024ರಲ್ಲಿ ಲಕ್ಷದ್ವೀಪದ ಹವಳಕ್ಕೆ ಈ ಗತಿ ಬಂತು. ಕಡಲಿನ ಮಟ್ಟದಿಂದ ಕೆಲವೇ ಮೀಟರ್ ಎತ್ತರದ ಆ ನೆಲಕ್ಕೆ ಅಲೆಗಳಿಂದ ಮುಖ್ಯ ರಕ್ಷಣೆ ಎಂದರೆ ಆ ಹವಳದ ದಿಬ್ಬವೇ. ತಾವು ಹೊಗಳುವ ಬಿಳಿ ಮರಳು ಕೂಡ ಹವಳ, ಚಿಪ್ಪುಗಳ ಪುಡಿಯೇ. ಗಿಳಿಮೀನುಗಳು ಸತ್ತ ಹವಳವನ್ನು ಕೆರೆದು ತಿಂದು ವಿಸರ್ಜಿಸಿದ್ದೂ ಅದರಲ್ಲಿದೆ. ಹವಳ ಹೋದರೆ ತೋರಿಸಲು ತಮಗೂ ಏನೂ ಉಳಿಯುವುದಿಲ್ಲ.

ನಾವು ರಜೆಯನ್ನು ಕೈಬಿಟ್ಟಿಲ್ಲ. ಅಮ್ಮನಿಗಾಗಿ ವಿಮಾನದಲ್ಲಿ ಅಗತ್ತಿಗೆ ಹೋಗಿ, ಅಲ್ಲಿಯೇ ಉಳಿದು ಬರುವುದೆಂದು ತೀರ್ಮಾನಿಸಿದ್ದೇವೆ. ತಮ್ಮಲ್ಲಿ ಸವಿನಯ ಕೋರಿಕೆ ಇಷ್ಟು: ಮುಂಗಡಕ್ಕೆ ಕೈಚಾಚುವ ಮೊದಲು ಪರವಾನಗಿಯ ವಿಚಾರ, ದೋಣಿಗೆ ಇಳಿಯುವ ಬಗೆ, ನೀರಿನ ಲೆಕ್ಕ, ಹವಳ ಮುಟ್ಟಬಾರದೆಂಬ ಮಾತು, ಅಲ್ಲಿ ಜನ ಬಾಳುತ್ತಿದ್ದಾರೆ ಎಂಬ ಸಂಗತಿ, ಇವನ್ನು ಕರಪತ್ರದ ಮೊದಲ ಪುಟದಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಿ. ಅದು ಬಂದ ದಿನ ನಮ್ಮ ಬಾಕಿ ಹಣ ತಮ್ಮ ಕಚೇರಿಗೆ ಬರುತ್ತದೆ.

ಇತಿ,
ತಮ್ಮ ವಿಶ್ವಾಸದ ಗ್ರಾಹಕಿ