ಜಮೀನು, ಜಾಮೀನು ಮತ್ತು ಬದುವಿನ ತೆಂಗಿನ ಮರ

(ತಿಪಟೂರು ಕೋರ್ಟಿನ ಎದುರು ಹೊಂಗೆ ಮರ. ಅದರ ಕೆಳಗೆ ಟೈಪಿಸ್ಟ್ ರಂಗರಾಯರ ಮೇಜು. ಮೂವತ್ತು ವರ್ಷ ವಕೀಲರು ಹೇಳಿದ್ದನ್ನೆಲ್ಲ ಕುಟ್ಟಿ ಕುಟ್ಟಿ ರಾಯರ ಬೆರಳಿಗೇ ಕಾನೂನು ಹತ್ತಿದೆ. ತೆಂಗು ಬೆಳೆಗಾರ ನಂಜಪ್ಪ, ಹೆಂಡತಿ ಗಿರಿಜಮ್ಮನ ಜೊತೆ ಬರುತ್ತಾನೆ. ಬಗಲಲ್ಲಿ ಒಂದು ಚೀಲ.)

ನಂಜಪ್ಪ: ರಾಯ್ರೇ, ನಮಸ್ಕಾರ. ಒಸಿ ಈ ಕಾಗ್ದ ನೋಡಿ. ಊರಲ್ಲಿ ಮೇಷ್ಟ್ರು ಓದಿ ಹೇಳಿದ್ರು. ಓದೋಕ್ ಮುಂಚೆ ಅರ್ಧ ಗೊತ್ತಿತ್ತು, ಓದಿದ್ ಮ್ಯಾಲೆ ಅದೂ ಹೋಯ್ತು.

ರಾಯರು: ಕೂತ್ಕೊಳ್ಳಿ. ಎಷ್ಟಿವೆ?

ನಂಜಪ್ಪ: ನಾಕು. ಮೂರರಲ್ಲಿ ನನ್ ಹೆಸ್ರು, ಒಂದರಲ್ಲಿ ತೀರ್ಕಂಡ ನಮ್ಮಪ್ಪಂದು.

ರಾಯರು: (ಕನ್ನಡಕ ಏರಿಸಿ) ಇದು ಅಸಲು ದಾವೆ. ಮಲ್ಲೇಶ, ವಾದಿ. ನಂಜಪ್ಪ, ಪ್ರತಿವಾದಿ.

ನಂಜಪ್ಪ: ನನ್ ತಮ್ಮ ವಾದಿ ಅನ್ನೋದು ಸರಿ, ಹುಟ್ಟಿದಾಗಿಂದ ವಾದ ಮಾಡ್ತಾವ್ನೆ. ನಾನೆಲ್ಲಿ ವಾದ ಮಾಡ್ದೆ? ಅವ್ನು ಬಾಯಿ ತೆಗೆದಾಗೆಲ್ಲ ಮಚ್ಚು ತಗಂಡೆ ಅಷ್ಟೆ.

ರಾಯರು: ಮಚ್ಚಿನ ವಿಷಯ ಇಲ್ಲಿ ಜೋರಾಗಿ ಹೇಳಬೇಡಿ, ಅದು ಬೇರೆ ಹಾಲಿನ ಕೇಸು. ಕೋರ್ಟಿಗೆ ಮೊದಲು ಬಂದವನು ವಾದಿ, ಕರೆಸಿಕೊಂಡವನು ಪ್ರತಿವಾದಿ. ಪ್ರತಿವಾದಿ ಅಂದ ಮಾತ್ರಕ್ಕೆ ತಪ್ಪಿತಸ್ಥ ಅಂತ ಅಲ್ಲ. ಆರೋಪಿ ಅನ್ನೋದು ಕ್ರಿಮಿನಲ್ ಕಡೆ ಮಾತು. ಆರೋಪ ಸಾಬೀತಾದ ಮೇಲೆ ಅಪರಾಧಿ.

ನಂಜಪ್ಪ: ಅಸಲು ದಾವೆ ಅಂತ ಯಾಕೆ? ಬಡ್ಡಿ ದಾವೆ ಆಮೇಲೆ ಬರ್ತೈತಾ?

ರಾಯರು: ಬರುತ್ತೆ. ಅದಕ್ಕೆ ಮೇಲ್ಮನವಿ ಅಂತಾರೆ.

ಗಿರಿಜಮ್ಮ: ಬದುವಿನ ಮ್ಯಾಲೆ ಒಂದು ತೆಂಗಿನ ಮರ ಸ್ವಾಮಿ. ಬುಡ ನಮ್ ಕಡೆ, ತಲೆ ಮೈದುನನ ಕಡೆ. ಅದಕ್ಕೆ ಈ ರಾಮಾಯಣ.

ರಾಯರು: 'ಸಮನ್ಸ್ ಜಾರಿಯಾಗಿದೆ' ಅಂತ ಬರೆದಿದೆಯಲ್ಲ?

ನಂಜಪ್ಪ: ಎಲ್ಲಿ ಜಾರ್ತು? ಅಮೀನ ಬಂದ. ತಗಳಪ್ಪ ಅಂದ, ಬ್ಯಾಡ ಅಂದೆ. ಬಾಗ್ಲಿಗೆ ಅಂಟಿಸಿ ಹೊಂಟೋದ. ನಾನು ಕೈಲಿ ಮುಟ್ಟೇ ಇಲ್ಲ.

ರಾಯರು: ಬೇಡ ಅಂದ್ರೂ ಜಾರಿ, ಬಾಗಿಲಿಗೆ ಅಂಟಿಸಿದ್ರೂ ಜಾರಿ. ಬೇಡ ಅಂದ್ರೆ ಬಂದೇ ಇಲ್ಲ ಅಂತ ಆಗೋದಾದ್ರೆ, ಕರೆಂಟ್ ಬಿಲ್ಲನ್ನ ಯಾರು ಮುಟ್ತಿದ್ರು? ಜಾರಿಯಾದ 30 ದಿನದೊಳಗೆ ನೀವು ಲಿಖಿತ ಹೇಳಿಕೆ ಕೊಡಬೇಕು. ಕಾರಣ ಹೇಳಿ ಕೇಳಿಕೊಂಡ್ರೆ 90 ದಿನದವರೆಗೆ ಅವಕಾಶ. ನೀವು ಬರಲಿಲ್ಲ. ಅದಕ್ಕೆ ಏಕಪಕ್ಷೀಯವಾಗಿ ಮಧ್ಯಂತರ ಆದೇಶ ಆಗಿದೆ.

ನಂಜಪ್ಪ: ಯಾವ ಪಕ್ಷ? ಮಲ್ಲೇಶ ಪಂಚಾಯ್ತಿ ಎಲೆಕ್ಷನ್‌ನಲ್ಲಿ ಪಕ್ಷೇತರ ನಿಂತು ಸೋತವ್ನೆ!

ರಾಯರು: ಬಂದ ಪಕ್ಷದ ಮಾತು ಮಾತ್ರ ಕೇಳಿ ಕೊಟ್ಟ ಆದೇಶ ಅಂತ. ಬರದವನ ಪರವಾಗಿ ನ್ಯಾಯಾಧೀಶರು ಕುರ್ಚಿ ಬಿಟ್ಟು ಬಂದು ಮಾತಾಡೋಕಾಗುತ್ತಾ? ಆದೇಶ ಏನು ಅಂದ್ರೆ, ಯಥಾಸ್ಥಿತಿ ಕಾಪಾಡತಕ್ಕದ್ದು. ಮರ ಈಗ ಹೇಗಿದೆಯೋ ಹಾಗೇ ಇರಬೇಕು. ನೀವೂ ಕೀಳಬಾರದು, ಅವನೂ ಕೀಳಬಾರದು.

ನಂಜಪ್ಪ: ಆಯ್ತು, ನಾವು ಕೀಳಲ್ಲ. ಕಾಯಿ ಬಲಿತು ತಾನೇ ಬೀಳ್ತದಲ್ಲ? ಮರಕ್ಕೆ ಸಮನ್ಸ್ ಜಾರಿ ಆಗೈತಾ?

ಗಿರಿಜಮ್ಮ: ಮೊನ್ನೆ ಎಂಟು ಕಾಯಿ ಬಿದ್ವು. ಇವ್ರು ಈ ಕಡೆ ಕಾವಲು, ಮೈದುನ ಆ ಕಡೆ ಕಾವಲು. ರಾತ್ರಿ ಕಾಡುಹಂದಿ ಬಂದು ತಿಂದ್ಕಂಡೋಯ್ತು.

ರಾಯರು: ಹಂದಿ ದಾವೆಯಲ್ಲಿ ಪಕ್ಷಗಾರ ಅಲ್ಲ, ಅದಕ್ಕೆ ಆದೇಶ ಅನ್ವಯಿಸಲ್ಲ. ಮುಂದಿನ ವಾಯಿದೆಗೆ ವಕೀಲರ ಮೂಲಕ ವಕಾಲತ್ತು ಹಾಕಿಸಿ.

ನಂಜಪ್ಪ: ವಾಯಿದೆ ಅಂದ್ರೆ?

ರಾಯರು: 'ಇವತ್ತು ಆಗಲ್ಲ, ಇನ್ನೊಂದು ದಿನ ಬಾ' ಅನ್ನೋದಕ್ಕೆ ಇರೋ ಮರ್ಯಾದಸ್ಥ ಮಾತು. ಸರಿ, ಎರಡನೇದು? ಇದು ಪಹಣಿ ಅಲ್ವೇ?

ನಂಜಪ್ಪ: ಹೂಂ. ಮಲ್ಲೇಶನೇ ಫೋನ್ ಮಾಡಿದ್ದ. ಅವನ ಮಗ ಬೈಕಲ್ಲಿ ಹೋಗಿ ಯಾರಿಗೋ ಗುದ್ದವ್ನೆ. 'ಅಣ್ಣಾ, ಪಹಣಿ ಹಿಡ್ಕಂಡ್ ಬಾ, ಹುಡ್ಗನಿಗೆ ಜಾಮೀನು ಆಗ್ಬೇಕು' ಅಂದ.

ರಾಯರು: ಒಂದನೇ ಹಾಲಲ್ಲಿ ನಿಮ್ಮ ಮೇಲೆ ದಾವೆ, ಎರಡನೇ ಹಾಲಲ್ಲಿ ನೀವೇ ಜಾಮೀನುದಾರ!

ನಂಜಪ್ಪ: ದಾವೆ ಅವರಪ್ಪಂದು. ಹುಡ್ಗ ನಮ್ದು.

ಗಿರಿಜಮ್ಮ: ಆದ್ರೂ ಜಾಮೀನಿಗೆ ಜಮೀನು ಯಾಕೆ ಸ್ವಾಮಿ? ಒಂದು ದೀರ್ಘಕ್ಕೆ ಇಷ್ಟು ದೂರಾನಾ?

ರಾಯರು: ಹುಡುಗ ವಾಯಿದೆಗೆ ಬರದೆ ತಪ್ಪಿಸಿಕೊಂಡ್ರೆ, ಬರೆದುಕೊಟ್ಟ ಮೊತ್ತ ಜಾಮೀನುದಾರನ ತಲೆಗೆ ಬರುತ್ತೆ. ಅದನ್ನ ತೀರಿಸೋ ಶಕ್ತಿ ಇದೆ ಅಂತ ತೋರಿಸೋಕೆ ಪಹಣಿ. ಹೆದರಬೇಡಿ, ಹುಡುಗನ ಮೇಲಿರೋದು ಜಾಮೀನೀಯ ಅಪರಾಧ ಆದ್ರೆ ಜಾಮೀನು ಅವನ ಹಕ್ಕು.

ನಂಜಪ್ಪ: ಟೀವಿಲಿ 'ಜಾಮೀನುರಹಿತ' ಅಂತಾರಲ್ಲ, ಅದ್ರಲ್ಲಿ ಸಿಗೋದೇ ಇಲ್ವಾ?

ರಾಯರು: ಸಿಗಬಹುದು, ಆದ್ರೆ ಹಕ್ಕಿನಿಂದ ಕೇಳೋ ಹಾಗಿಲ್ಲ. ಕೊಡೋದು ಬಿಡೋದು ಕೋರ್ಟಿನ ವಿವೇಚನೆ. (ಪಹಣಿ ನೋಡಿ) ಅಲ್ಲ ನಂಜಪ್ಪ, ಇದು ನಿಮ್ಮ ತಂದೆ ಹೆಸರಲ್ಲೇ ಇದೆಯಲ್ಲ! ಅವರು ತೀರಿಕೊಂಡದ್ದು ಯಾವಾಗ?

ನಂಜಪ್ಪ: 1999ರಲ್ಲಿ.

ರಾಯರು: ಹಾಗಾದ್ರೆ ಜಾಮೀನಿಗೆ ಅವರನ್ನೇ ಕರ್ಕೊಂಡು ಬರಬೇಕು. ಯಾಕೆ ಪೌತಿ ಖಾತೆ ಮಾಡಿಸಿಲ್ಲ?

ನಂಜಪ್ಪ: ಬ್ಯಾಂಕಲ್ಲಿ ಖಾತೆ ಐತಲ್ಲ.

ರಾಯರು: ಅದು ದುಡ್ಡಿನ ಖಾತೆ. ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಜಮೀನಿನ ದಾಖಲೆ ಬದಲಾಗೋದು ಪೌತಿ ಖಾತೆ. ಅದಕ್ಕೆ ಮೊದಲು ನಾಡಕಚೇರಿಯಿಂದ ವಂಶವೃಕ್ಷ ತರಬೇಕು.

ನಂಜಪ್ಪ: ಒಂದು ಮರಕ್ಕೇ ಇಷ್ಟಾಗೈತೆ, ಇನ್ನೊಂದು ವೃಕ್ಷ ಬ್ಯಾರೆನಾ!

ರಾಯರು: ಈ ವೃಕ್ಷದಲ್ಲಿ ನಿಮ್ಮ ತಂದೆಯ ಎಲ್ಲ ಮಕ್ಕಳ ಹೆಸರೂ ಇರಬೇಕು. ನೀವು, ಮಲ್ಲೇಶ, ಮತ್ತೆ?

(ಮೌನ. ನಂಜಪ್ಪ ಮರ ನೋಡುತ್ತಾನೆ. ಗಿರಿಜಮ್ಮ ನಂಜಪ್ಪನನ್ನು ನೋಡುತ್ತಾಳೆ.)

ಗಿರಿಜಮ್ಮ: ನಮ್ ನಾದಿನಿ ಪುಟ್ಟತಾಯಿ ಅವ್ಳೆ. ಅರಸೀಕೆರೆಗೆ ಕೊಟ್ಟೈತೆ.

ನಂಜಪ್ಪ: 1992ರಲ್ಲೇ ಮದ್ವೆ ಮಾಡಿ ಕಳಿಸಿದ್ವಲ್ಲ! ಕರ್ನಾಟಕದಲ್ಲಿ ಹೆಣ್ಮಕ್ಕಳಿಗೆ ಪಾಲು ಬಂದಿದ್ದು ಆಮ್ಯಾಕೆ. ಅಷ್ಟರಲ್ಲಿ ಮದ್ವೆ ಆದವ್ರಿಗೆ ಇಲ್ಲ ಅಂತ ಆಗ್ಲೇ ವಿಚಾರ್ಸಿದ್ದೆ.

ರಾಯರು: ಅಬ್ಬಾ, ಇದೊಂದು ಕಾನೂನು ಮಾತ್ರ ಚೆನ್ನಾಗಿ ವಿಚಾರಿಸಿದ್ದೀರಿ! 1994ರ ರಾಜ್ಯದ ಕಾನೂನು ಹಾಗಿತ್ತು, ನಿಜ. ಆದ್ರೆ 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು. ಪಿತ್ರಾರ್ಜಿತದಲ್ಲಿ ಮಗಳೂ ಮಗನಷ್ಟೇ ಪಾಲುದಾರಳು, ಮದುವೆ ಆಗಿದ್ರೂ. ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕು ಅಂತಲೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನೀವಿಬ್ಬರು ಪಾಲು ಮಾಡಿಕೊಂಡಾಗ ವಿಭಾಗ ಪತ್ರ ನೋಂದಣಿ ಆಗಿತ್ತಾ?

ನಂಜಪ್ಪ: ಎಲ್ಲಾ ಬಾಯಿಮಾತಲ್ಲೇ.

ರಾಯರು: ಹಾಗಾದ್ರೆ ಆ ಮರದಲ್ಲಿ ಮೂರರಲ್ಲೊಂದು ಪಾಲು ತಂಗಿದೇ ಆಗಬಹುದು.

ನಂಜಪ್ಪ: ಅಂದ್ರೆ ನಾನೂ ಮಲ್ಲೇಶಾನೂ ಜುಟ್ಟು ಹಿಡ್ಕಂಡಿದ್ದು ಪುಟ್ಟತಾಯಿ ಕಾಯಿಗಾ?

ಗಿರಿಜಮ್ಮ: ಹಂದಿ ತಿಂದಿದ್ದೂ ಅವಳ ಕಾಯೇ ಇರ್ಬೇಕು.

ರಾಯರು: ಮೂರನೇದು ಕೊಡಿ. ಓ, ಬ್ಯಾಂಕಿನ ಮೆಮೊ. ಚೆಕ್ ಬೌನ್ಸ್.

ನಂಜಪ್ಪ: ಕೊಬ್ರಿ ತಗಂಡೋನು ಕೊಟ್ಟಿದ್ದು. ಮೂರು ಲಕ್ಷ. ಅವನ ಖಾತೇಲಿ ಮೂರು ಸಾವ್ರಾನೂ ಇಲ್ಲ. ಅವನ ಮ್ಯಾಲೆ ಫೋರ್ ಟ್ವೆಂಟಿ ಹಾಕ್ಸಿ ರಾಯ್ರೇ!

ರಾಯರು: ಫೋರ್ ಟ್ವೆಂಟಿ ರಿಟೈರ್ ಆಯ್ತಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ. ವಂಚನೆಗೆ ಈಗ ಮುನ್ನೂರ ಹದಿನೆಂಟು, ಆವರಣದೊಳಗೆ ನಾಲ್ಕು.

ನಂಜಪ್ಪ: ಛೆ! ಸಂತೇಲಿ ನಿಂತು ಬಯ್ಯೋದ್ ಹೆಂಗೆ? 'ಲೇ ಮುನ್ನೂರ ಹದಿನೆಂಟು ಆವರಣದೊಳಗೆ ನಾಲ್ಕೂ' ಅನ್ನೋಷ್ಟರಲ್ಲಿ ಅವ್ನು ಬಸ್ ಹತ್ತಿರ್ತಾನೆ.

ರಾಯರು: ಅದಕ್ಕೆ ಕೊಬ್ಬರಿ ತಗೊಳ್ಳುವಾಗಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಬರೀ ಚೆಕ್ ಬೌನ್ಸಿಗೆ ಬೇರೆ ದಾರಿ ಇದೆ, ಸೆಕ್ಷನ್ 138. ಅದರ ನಂಬರ್ ಬದಲಾಗಿಲ್ಲ. ಎರಡು ವರ್ಷದವರೆಗೆ ಜೈಲು, ಇಲ್ಲ ಚೆಕ್ಕಿನ ಎರಡರಷ್ಟರವರೆಗೆ ದಂಡ, ಇಲ್ಲ ಎರಡೂ. ಇಲ್ಲಿ ನೀವು ಪ್ರತಿವಾದಿ ಅಲ್ಲ, ದೂರುದಾರ.

ನಂಜಪ್ಪ: (ಮೀಸೆ ತಿರುವಿ) ಹಾಂ! ಈ ಕಾಗ್ದ ಚೆನ್ನಾಗೈತೆ.

ರಾಯರು: ಮೆಮೊ ಕೈಗೆ ಬಂದು ಎಷ್ಟು ದಿನ?

ಗಿರಿಜಮ್ಮ: ಇಪ್ಪತ್ತಾರು. ದೇವ್ರ ಮುಂದೆ ಮಡಗಿದ್ರು, ಅವ್ನಿಗೆ ಒಳ್ಳೆ ಬುದ್ಧಿ ಬರ್ಲಿ ಅಂತ.

ರಾಯರು: ಅಯ್ಯೋ! 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿ 15 ದಿನದಲ್ಲಿ ಅವನು ಕೊಡದಿದ್ರೆ, ಅಲ್ಲಿಂದ ಒಂದು ತಿಂಗಳೊಳಗೆ ನೀವು ದೂರು ಹಾಕಬೇಕು. ದೇವರು ಬುದ್ಧಿ ಕೊಡಬಹುದು, ಗಡುವು ಮುಂದೂಡಲ್ಲ. ಇನ್ನು ನಾಲ್ಕೇ ದಿನ. ಈಗಲೇ ವಕೀಲರ ಹತ್ತಿರ ಹೋಗಿ.

ನಂಜಪ್ಪ: ಇನ್ನೊಂದು ಉಳ್ದೈತೆ. ರಿಜಿಸ್ಟರ್ ಪೋಸ್ಟು. ಗೌರಿ ಹಬ್ಬ ಆದ ವಾರಕ್ಕೆ ಬಂತು. ಒಡೆದಿಲ್ಲ. ಪುಟ್ಟತಾಯಿ ಊರಿಂದ ಬಂದಿದ್ದು, ಗೃಹಪ್ರವೇಶದ ಕಾಗ್ದ ಇರ್ಬೇಕು ಅಂತ ಇವ್ಳು ಅರಿಶಿಣ ಹಚ್ಚಿ ಮಡಗವ್ಳೆ.

ರಾಯರು: (ಒಡೆದು ಓದಿ, ನಗು ತಡೆದು) ಇದು ಕೇವಿಯಟ್.

ನಂಜಪ್ಪ: ಇದ್ಯಾವ ಕಾಯಿಲೆ?

ರಾಯರು: 'ನಮ್ಮಣ್ಣ ಜಮೀನಿನ ಬಗ್ಗೆ ಕೋರ್ಟಿಗೆ ಬಂದು ಅರ್ಜಿ ಹಾಕಿದ್ರೆ, ನನ್ನ ಮಾತು ಕೇಳದೆ ಆದೇಶ ಕೊಡಬೇಡಿ' ಅಂತ ನಿಮ್ಮ ತಂಗಿ ಮೊದಲೇ ಹೇಳಿಟ್ಟಿದ್ದಾರೆ. 90 ದಿನ ಜೀವ ಇರುತ್ತೆ. ನಿಮಗೂ ರಿಜಿಸ್ಟರ್ ಪೋಸ್ಟಲ್ಲಿ ತಿಳಿಸಬೇಕು, ತಿಳಿಸಿದ್ದಾರೆ. ನೀವು ಮಾಡದ್ದನ್ನೆಲ್ಲ ಅವರು ಸರಿಯಾಗಿ ಮಾಡಿದ್ದಾರೆ.

ನಂಜಪ್ಪ: ಪುಟ್ಟತಾಯೀನಾ! ಯಾವತ್ತೂ ಒಂದು ಮಾತು ಎದುರಾಡಿದವಳಲ್ಲ.

ಗಿರಿಜಮ್ಮ: ಈ ಸಲ ಗೌರಿ ಬಾಗಿನ ಕಳಿಸಿದ್ರಾ?

ನಂಜಪ್ಪ: ಮಲ್ಲೇಶ ಕಳಿಸ್ತಾನೆ ಅಂತ ನಾನು...

ಗಿರಿಜಮ್ಮ: ಅಣ್ಣ ಕಳಿಸ್ತಾನೆ ಅಂತ ಅವ್ನು. ತಿಂಗಳುಗಟ್ಟಲೆ ಬಾಗಿನ ಕಾದು ಕೂತ್ಕೊಳ್ಳೋಕೆ ಅವಳೇನು ಸಮನ್ಸಾ? ನಿಮ್ಗೆ ಕಾನೂನಿನ ಮಾತು ಕಷ್ಟ ಅಲ್ಲ ಕಣ್ರೀ, ಲಕೋಟೆ ಒಡೆಯೋದು ಕಷ್ಟ.

ನಂಜಪ್ಪ: (ತಲೆ ಕೆರೆದು) ಬಾಗಿನಕ್ಕೂ ಗಡುವು ಐತಾ ರಾಯ್ರೇ?

ರಾಯರು: ಗಡುವು ಮೀರಿದ್ರೆ ಕೋರ್ಟಲ್ಲಿ ವಿಳಂಬ ಮನ್ನಾ ಮಾಡಿ ಅಂತ ಅರ್ಜಿ ಹಾಕ್ತಾರೆ. ತಡ ಆಗಿದ್ದಕ್ಕೆ ತಕ್ಕ ಕಾರಣ ತೋರಿಸಬೇಕು.

ಗಿರಿಜಮ್ಮ: ಕಾರಣ ಅಂತ ಏನು ಬರೀತೀರ? ಹಂದಿನಾ?

ನಂಜಪ್ಪ: ನಾಳೇನೇ ಹೋಯ್ತೀನಿ. ಸೀರೆ, ಬಳೆ, ಅರಿಶಿಣ ಕುಂಕುಮ. ಆ ಮರದ ಕಾಯಿ ಅಂದ್ರೆ ಅವ್ಳಿಗೆ ಪ್ರಾಣ, ಒಂದು ಗೊನೆ ಕೀಳ್ಕಂಡು...

ರಾಯರು: ಕೀಳಬೇಡಿ! ಯಥಾಸ್ಥಿತಿ!

ನಂಜಪ್ಪ: ಮಲ್ಲೇಶನ್ನೂ ಕರ್ಕಂಡು ಹೋದ್ರೆ? ವಾದಿ ಮರ ಹತ್ಲಿ, ಪ್ರತಿವಾದಿ ಕೆಳಗೆ ಹಿಡ್ಕಳ್ಲಿ.

ರಾಯರು: ಈ ಸಲ ಕಾಯಿ ಅಂಗಡೀಲಿ ಕೊಳ್ಳಿ. ಆಮೇಲೆ ಮೂವರೂ ಕೂತು ರಾಜಿ ಮಾಡ್ಕೊಂಡು ಲೋಕ ಅದಾಲತ್ತಿಗೆ ಬನ್ನಿ. ಮಲ್ಲೇಶ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತೆ. ಅಲ್ಲಿನ ತೀರ್ಮಾನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ.

ನಂಜಪ್ಪ: ಅಂದ್ರೆ ಅಸಲು ತೀರ್ತು, ಬಡ್ಡಿ ಇಲ್ಲ.

ರಾಯರು: ಬಂತು ನೋಡಿ ನಿಮಗೂ ಕಾನೂನು! ಸರಿ, ಇಷ್ಟು ಹೊತ್ತು ಹೇಳಿದ್ದಕ್ಕೆ ನನ್ನ ಫೀಸು?

ನಂಜಪ್ಪ: (ಚೀಲ ಬಗಲಿಗೇರಿಸಿ, ಎದ್ದು ಕೈಮುಗಿದು) ಅದಕ್ಕೊಂದು ವಾಯಿದೆ ಕೊಡಿ ರಾಯ್ರೇ.