ಸೋಲಿಲ್ಲದ ಸರದಾರರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಸಾರೆಕೊಪ್ಪ ಬಂಗಾರಪ್ಪನವರಿಗೆ,

ಶಿವಮೊಗ್ಗ ಲೋಕಸಭಾ ಕ್ಷೇತ್ರದ ಮತದಾರನೊಬ್ಬನ ನಮಸ್ಕಾರಗಳು. ತಾವು ತೀರಿಕೊಂಡು ಇಷ್ಟು ವರ್ಷವಾದ ಮೇಲೆ ಪತ್ರ ಯಾಕಪ್ಪಾ ಅಂದರೆ, ಇಲ್ಲಿ ತಮ್ಮ ಹೆಸರಿನ ದುರ್ಬಳಕೆ ಜೋರಾಗಿದೆ. ಯಾವ ಶಾಸಕ ಪಕ್ಷ ಬಿಟ್ಟರೂ ಅವನ ಹಿಂಬಾಲಕರು ಮೊದಲು ಎತ್ತುವ ಮಾತು, "ಬಂಗಾರಪ್ಪನವರು ಹೋಗಿರಲಿಲ್ವಾ?" ಗುರುಗಳನ್ನು ಒಂದು ಮಾತೂ ಕೇಳದೆ ಶಿಷ್ಯರ ಸಂಖ್ಯೆ ಹೀಗೆ ಏರುತ್ತಿರುವುದು ತಮಗೆ ಗೊತ್ತಿರಲಿ.

ಮೊದಲು ನಮ್ಮ ಕಷ್ಟ ಹೇಳಿಕೊಳ್ಳುತ್ತೇನೆ. 1996ರಲ್ಲಿ ತಾವು ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ ಲೋಕಸಭೆಗೆ ನಿಂತಿರಿ, ಗೆದ್ದಿರಿ. 1998ರಲ್ಲಿ ಕರ್ನಾಟಕ ವಿಕಾಸ ಪಕ್ಷ, ಸೋಲು. 1999ರಲ್ಲಿ ಹಸ್ತ, ಗೆಲುವು. 2004ರಲ್ಲಿ ಕಮಲ, ಗೆಲುವು. ಮರುವರ್ಷವೇ ಉಪಚುನಾವಣೆ, ಸೈಕಲ್, ಅದೂ ಗೆಲುವು. 2009ರಲ್ಲಿ ಮತ್ತೆ ಹಸ್ತ, ಸೋಲು. ಹದಿಮೂರು ವರ್ಷ, ಆರು ಚುನಾವಣೆ, ಐದು ಪಕ್ಷ, ಅಭ್ಯರ್ಥಿ ಮಾತ್ರ ಒಬ್ಬರೇ. ಓದು ಬಾರದವರಿಗೆ ಗುರುತು ಹತ್ತಲಿ ಅಂತ ಚುನಾವಣಾ ಆಯೋಗ ಚಿಹ್ನೆ ಇಟ್ಟಿತು. ನಮ್ಮ ಜಿಲ್ಲೆಯಲ್ಲಿ ಚಿಹ್ನೆ ನಂಬಿದವನು ಕೆಟ್ಟ. ಹೆಸರು ಓದಲು ಕಲಿಯದೆ ಬೇರೆ ದಾರಿಯೇ ಇರಲಿಲ್ಲ. ಸಾಕ್ಷರತಾ ಆಂದೋಲನಕ್ಕೆ ತಾವು ಸಲ್ಲಿಸಿದ ಈ ಸೇವೆಯನ್ನು ಯಾವ ಸರ್ಕಾರವೂ ಗುರುತಿಸಲಿಲ್ಲ.

ತಮ್ಮ ಆರಂಭವಂತೂ ಯಾರೂ ಬೆರಳು ತೋರಿಸುವಂಥದ್ದಲ್ಲ. ಸೊರಬದ ಕುಬಟೂರಿನ ಹುಡುಗ ವಕೀಲಿ ಓದಿ, ಸಮಾಜವಾದಿಗಳ ಜೊತೆ ಸೇರಿದ. ಕಾಗೋಡಿನಲ್ಲಿ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಮಾಡಿದ ಜಿಲ್ಲೆ ಇದು, ಶಾಂತವೇರಿ ಗೋಪಾಲಗೌಡರ ಜಿಲ್ಲೆ. ಆ ಗಾಳಿಯಲ್ಲೇ ತಾವು 1967ರಲ್ಲಿ ವಿಧಾನಸಭೆಗೆ ಬಂದಿರಿ. ಅಲ್ಲಿಂದ 1994ರವರೆಗೆ ಸೊರಬದಲ್ಲಿ ಏಳು ಚುನಾವಣೆ ನಡೆಯಿತು, ಏಳರಲ್ಲೂ ತಾವೇ. ಸೋಲಿಲ್ಲದ ಸರದಾರ ಅಂತ ಜನ ಕರೆದದ್ದು ಸುಮ್ಮನೆ ಅಲ್ಲ.

ತಮಗೆ ಮುನಿಸು ಹತ್ತಿದ್ದು 1983ರಲ್ಲಿ ಅಂತ ನನ್ನ ಲೆಕ್ಕ. ದೇವರಾಜ ಅರಸರು ತೀರಿಕೊಂಡ ಮೇಲೆ ಕ್ರಾಂತಿರಂಗದ ಅಧ್ಯಕ್ಷರಾಗಿ ಊರೂರು ಸುತ್ತಿ ಕಾಂಗ್ರೆಸ್ಸನ್ನು ಕೆಡವಿದವರು ತಾವು. ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಕುರ್ಚಿ ಮಾತ್ರ ಆಗಿನ್ನೂ ಶಾಸಕರೂ ಆಗಿರದ ರಾಮಕೃಷ್ಣ ಹೆಗಡೆಯವರ ಪಾಲಾಯಿತು. ತಾವು ಏನು ಮಾಡಿದಿರಿ? ಸೋಲಿಸಿದ ಕಾಂಗ್ರೆಸ್ಸಿಗೇ ವಾಪಸು ಹೋಗಿ, 1985ರಲ್ಲಿ ಅದೇ ಹೆಗಡೆಯವರ ಎದುರು ವಿರೋಧ ಪಕ್ಷದ ನಾಯಕರಾಗಿ ಕೂತಿರಿ. ಆಡಳಿತ ಪಕ್ಷವನ್ನು ಒಳಗಿನಿಂದ ಬಲ್ಲ ವಿರೋಧ ಪಕ್ಷದ ನಾಯಕ ಸಿಗುವುದು ಸದನದ ಭಾಗ್ಯ.

ಕುರ್ಚಿ 1990ರ ಅಕ್ಟೋಬರಿನಲ್ಲಿ ಸಿಕ್ಕಿತು. ಎರಡು ವರ್ಷ, ಮೇಲೊಂದು ತಿಂಗಳು. ಆ ಅವಧಿಯನ್ನು ಹಳ್ಳಿಯವರು ಇವತ್ತಿಗೂ ಮರೆತಿಲ್ಲ ಅನ್ನುವುದನ್ನು ತಮಾಷೆಯ ನಡುವೆಯೂ ಒಪ್ಪಬೇಕು: ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು, ಮನೆಯಿಲ್ಲದವರಿಗೆ ಆಶ್ರಯ, ಊರ ಗುಡಿಗೆ ಆರಾಧನಾ, ಕುಶಲಕರ್ಮಿಗಳಿಗೆ ವಿಶ್ವ, ಹಳ್ಳಿ ಹುಡುಗರಿಗೆ ಗ್ರಾಮೀಣ ಕೃಪಾಂಕ. ಕಾವೇರಿಯ ವಿಚಾರದಲ್ಲಿ ನಗು ಬರುವುದಿಲ್ಲ. 205 ಟಿಎಂಸಿ ಬಿಡಬೇಕೆಂಬ ನ್ಯಾಯಮಂಡಳಿಯ ಮಧ್ಯಂತರ ಆದೇಶಕ್ಕೆ ತಾವು ಸುಗ್ರೀವಾಜ್ಞೆಯ ಅಡ್ಡಗಟ್ಟೆ ಹಾಕಿದಿರಿ, ರಾಜ್ಯ ಚಪ್ಪಾಳೆ ಹೊಡೆಯಿತು. ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಆ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳು ಬಡವರ ಗುಡಿಸಲುಗಳು ಉರಿದವು, ಜೀವಗಳು ಹೋದವು. ಡೊಳ್ಳು ಹೆಗಲಿಗೇರಿಸಿ ಜಾತ್ರೆಯಲ್ಲಿ ಕುಣಿಯಬಲ್ಲ, ಶಾಸ್ತ್ರೀಯ ಸಂಗೀತ ಹಾಡಬಲ್ಲ, ಷಟಲ್ ಬ್ಯಾಡ್ಮಿಂಟನ್ ಆಡಬಲ್ಲ ಮುಖ್ಯಮಂತ್ರಿಗೆ ಆ ವಾರ ತಾಳ ತಪ್ಪಿತ್ತು.

ಕುರ್ಚಿ ಹೋದ ಮೇಲೆ ತಮಗೆ ಹಿಡಿಸುವ ಪಕ್ಷ ಯಾವುದೂ ಸಿಗಲಿಲ್ಲ, ತಾವೇ ಕಟ್ಟಿಕೊಂಡಿರಿ. 1994ರಲ್ಲಿ ತಮ್ಮ ಪಕ್ಷ ಹತ್ತು ಸ್ಥಾನ ಗೆದ್ದಿತು, ಕಾಂಗ್ರೆಸ್ಸು ಬಿಜೆಪಿಗಿಂತಲೂ ಹಿಂದೆ ಬಿದ್ದು ಮೂರನೆಯದಾಯಿತು. ಹತ್ತು ವರ್ಷದ ನಂತರ ಗೋಪಾಲಗೌಡರ ಗರಡಿಯಿಂದ ಬಂದ ತಾವೇ ಕಮಲ ಹಿಡಿದಿರಿ, ಬಿಜೆಪಿ 79 ಸ್ಥಾನಕ್ಕೇರಿ ವಿಧಾನಸಭೆಯ ಅತಿ ದೊಡ್ಡ ಪಕ್ಷವಾಯಿತು. ಆ ಲೆಕ್ಕದಲ್ಲಿ ತಮ್ಮ ಪಾಲೆಷ್ಟು ಅಂತ ನಮ್ಮೂರಿನ ಹೋಟೆಲುಗಳಲ್ಲಿ ಈಗಲೂ ಜಗಳವಿದೆ. ಬೆಳೆಸಿಕೊಟ್ಟ ಮರದ ನೆರಳಲ್ಲಿ ತಾವು ಒಂದು ವರ್ಷವೂ ಕೂರಲಿಲ್ಲ. 2008ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು ನಿಂತಾಗ ಅದರ ಬಲ ಎಷ್ಟೆಂದು ತಮಗೇ ಗೊತ್ತಾಯಿತು. ಮರುವರ್ಷ ಲೋಕಸಭೆಗೆ ಅವರ ಮಗ ರಾಘವೇಂದ್ರರ ಎದುರಿನಲ್ಲೂ ಅಷ್ಟೇ.

ಈಗ ಶಿಷ್ಯರ ವಿಚಾರ. ತಾವು ಪಕ್ಷ ಬಿಡುವಾಗ ಹಗಲು ಹೊತ್ತಿನಲ್ಲೇ ಬಿಟ್ಟಿರಿ, ಬೈದು ಬಿಟ್ಟಿರಿ, ಬೆನ್ನಿಗೆ ಸೊರಬದ ದೀವರ ಕೇರಿಗಳನ್ನೂ ಕರೆದುಕೊಂಡು ಹೋದಿರಿ. 2019ರ ಶಿಷ್ಯರು ಮುಂಬಯಿಯ ಹೋಟೆಲಿನಲ್ಲಿ ಅಡಗಿ ಕೂತರು, ಕ್ಷೇತ್ರದವರ ಫೋನು ಎತ್ತಲಿಲ್ಲ. ಹದಿನೇಳು ಮಂದಿಯನ್ನು ಸ್ಪೀಕರ್ ಅನರ್ಹ ಮಾಡಿದರು. ಸುಪ್ರೀಂ ಕೋರ್ಟು ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಹದಿನೈದರಲ್ಲಿ ಹನ್ನೆರಡು ಬಿಜೆಪಿಗೆ. ನಮ್ಮ ಗುರುಗಳಿಗೂ ಇವರಿಗೂ ಎಲ್ಲಿಯ ಹೋಲಿಕೆ ಅಂತ ನಾನು ವಾದಿಸುತ್ತಿದ್ದೆ.

ಆದರೆ 2005 ಅಡ್ಡ ಬರುತ್ತದೆ, ಸ್ವಾಮಿ. ಒಂದು ಪಕ್ಷದ ಚಿಹ್ನೆಯಲ್ಲಿ ಗೆಲ್ಲು, ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಡು, ಇನ್ನೊಂದು ಚಿಹ್ನೆ ಹಿಡಿದು ಅದೇ ಕ್ಷೇತ್ರದಲ್ಲಿ ಮತ್ತೆ ಗೆಲ್ಲು: ಪಕ್ಷಾಂತರ ನಿಷೇಧ ಕಾಯ್ದೆಯ ಕೈಗೆ ಸಿಗದ ಈ ದಾರಿಯಲ್ಲಿ ತಾವು ಸೈಕಲ್ ಹೊಡೆದು ತೋರಿಸಿದ್ದನ್ನು ನಾವೇ ಓಟು ಹಾಕಿ ನೋಡಿದ್ದೇವೆ. ಮೂರು ವರ್ಷದಲ್ಲಿ ಅದೇ ದಾರಿಗೆ ಡಾಂಬರು ಬಿತ್ತು, ಆಪರೇಷನ್ ಕಮಲ ಅಂತ ಹೆಸರೂ ಬಂತು. ತಾವು ಅಭಿಮಾನಕ್ಕೆ ತುಳಿದ ಸೈಕಲ್ಲನ್ನು ಶಿಷ್ಯರು ವ್ಯಾಪಾರಕ್ಕೆ ಇಟ್ಟರು. ತಾವು ನಮ್ಮನ್ನು ಕೇಳಿಯೇ ಹೋದಿರಿ ಅನ್ನುವುದು ನಿಜ. ಅವರೂ ಕೇಳಿದರು, ನಾವು ಅವರಿಗೂ ಹೂಂ ಅಂದೆವು.

ಮನೆಯ ಸುದ್ದಿಯನ್ನೂ ಹೇಳಿಬಿಡುತ್ತೇನೆ. ತಮ್ಮ ಇಬ್ಬರು ಮಕ್ಕಳು ಸೊರಬವನ್ನು ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದಾರೆ. 2013ರಲ್ಲಿ ಜೆಡಿಎಸ್‌ನಿಂದ ಮಧು, 2018ರಲ್ಲಿ ಬಿಜೆಪಿಯಿಂದ ಕುಮಾರ್, 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಮಧು. ತಾವೊಬ್ಬರೇ ಸುತ್ತಿದ ಪಕ್ಷಗಳನ್ನು ಅಣ್ಣ ತಮ್ಮ ಹಂಚಿಕೊಂಡಿದ್ದಾರೆ. ಯಾವ ಸರ್ಕಾರ ಬಂದರೂ ತಮ್ಮ ಭಾವಚಿತ್ರಕ್ಕೆ ಹಾರ ತಪ್ಪುವುದಿಲ್ಲ.

ಕೊನೆಗೊಂದು ಅರಿಕೆ. ಅಲ್ಲಿ ಅರಸರೂ ಇದ್ದಾರೆ, ಹೆಗಡೆಯವರೂ ಇದ್ದಾರೆ, ಗೋಪಾಲಗೌಡರೂ ಇದ್ದಾರೆ. ತಾವು ಸದ್ಯ ಯಾರ ಪಕ್ಕ ಕೂತಿದ್ದೀರಿ, ನವೆಂಬರ್ ಮುಗಿಯುವುದರೊಳಗೆ ತಿಳಿಸಿ. ಡಿಸೆಂಬರ್ 26ರ ಪುಣ್ಯಸ್ಮರಣೆಗೆ ಫ್ಲೆಕ್ಸ್ ಮಾಡಿಸಬೇಕು. ಅಂಚಿಗೆ ಯಾವ ಬಣ್ಣ ಅಂತ ಪ್ರಿಂಟಿಂಗ್‌ನವನು ಕೇಳುತ್ತಿದ್ದಾನೆ.

ಇತಿ ತಮ್ಮ ವಿಶ್ವಾಸಿ,
ಶಿವಮೊಗ್ಗ ಕ್ಷೇತ್ರದ ಒಬ್ಬ ಮತದಾರ