ಹೊಳಿಗೆ ಕ್ಯೂಸೆಕ್ಸ್ ಬಂದಾವ್ರಿ!

ಭೀಮೆಗೆ ನೀರು ಬರುವ ಮೊದಲು ಪ್ರಕಟಣೆ ಬರುತ್ತದೆ. ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳಿದಂಡಿಯ ಜನಕ್ಕೆ ಅದು ಬಾಯಿಪಾಠ. ಸೊನ್ನ ಬ್ಯಾರೇಜಿನಿಂದ ಇಂತಿಷ್ಟು ಲಕ್ಷ ಕ್ಯೂಸೆಕ್ಸ್ ಬಿಡಲಾಗಿದೆ; ನದಿಪಾತ್ರದವರು ಜಾನುವಾರು ಸಮೇತ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು. ಸುರಕ್ಷಿತ ಸ್ಥಳ ಎಲ್ಲಿದೆ ಎಂಬುದು ಮಾತ್ರ ಸರ್ಕಾರಿ ರಹಸ್ಯ.

“ನೀರು ಎಲ್ಲಿ ತನಕ ಬರ್ತಾವ್ರಿ ಸಾಹೇಬ್ರ? ಹಣಮಪ್ಪನ ಗುಡಿ ಕಟ್ಟಿಗೋ, ನಮ್ಮ ದನದ ಕೊಟ್ಟಿಗಿಗೋ?” ಅಂತ ಅಜ್ಜ ಕೇಳುತ್ತಾನೆ. ಸಾಹೇಬರು ಮೊಬೈಲು ನೋಡಿ, “ಎರಡು ಲಕ್ಷ ಮೂವತ್ತು ಸಾವಿರ” ಅನ್ನುತ್ತಾರೆ. ಪರಿಹಾರದ ರೊಕ್ಕ ಇರಬೇಕೆಂದು ಅಜ್ಜನಿಗೆ ಖುಷಿಯೋ ಖುಷಿ.

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 2020ರ ಅಕ್ಟೋಬರಿನಲ್ಲಿ ಸೊನ್ನದಿಂದ ಹರಿದದ್ದು ಎಂಟು ಲಕ್ಷ ಕ್ಯೂಸೆಕ್ಸ್‌ನಷ್ಟು. ಎರಡು ಕೋಟಿ ಲೀಟರಿಗೂ ಮಿಕ್ಕಿತು, ಅದೂ ಸೆಕೆಂಡಿಗೆ. ಗುಣಾಕಾರ ಮುಗಿಸಿ ಅಜ್ಜ ತಲೆ ಎತ್ತುವಷ್ಟರಲ್ಲಿ ಉತ್ತರ ಹೊಸ್ತಿಲು ದಾಟಿರುತ್ತದೆ.

ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಎಷ್ಟು ಹೊರಟಿತು, ನೀರಾ ನದಿ ಎಷ್ಟು ತಂದಿತು, ಸೀನಾ ನದಿ ಎಷ್ಟು ಸೇರಿಸಿತು ಎಂಬುದೆಲ್ಲ ಕಚೇರಿಗೆ ಗೊತ್ತು. ಆ ಲೆಕ್ಕ ಕಚೇರಿಯಿಂದ ಕಚೇರಿಗೆ ವಾಟ್ಸ್‌ಆ್ಯಪಿನಲ್ಲಿ ಓಡುತ್ತದೆ. ಓಣಿಗೆ ಬರುವಾಗ ಮಾತ್ರ ಕುಂಟುತ್ತದೆ. ನೀರು ಎಲ್ಲಿ ತನಕ ಬಂತೆಂದು ಕೊನೆಗೆ ಸ್ಪಷ್ಟವಾಗಿ ಕಾಣುವುದು ಹೆಲಿಕಾಪ್ಟರಿನಲ್ಲಿ ಕೂತವರಿಗೆ. ಮುಖ್ಯಮಂತ್ರಿಗಳಾಗಿ 2020ರಲ್ಲಿ ಯಡಿಯೂರಪ್ಪನವರು ನೋಡಿದರು, 2025ರಲ್ಲಿ ಸಿದ್ದರಾಮಯ್ಯನವರು ನೋಡಿದರು. ಕೆಳಗಿದ್ದವರಿಗೆ ಆ ನೋಟ ಎರಡು ದಿನ ಮೊದಲೇ ಬೇಕಿತ್ತು.

ಭೀಮೆ ಹರಿಯದ ಆಳಂದ ತಾಲ್ಲೂಕಿನವರು ನಗಬೇಕಾಗಿಲ್ಲ. ಅವರಿಗೆ ಮೇಲಿನಿಂದ ಸಿಡಿಲಿದೆ. ಸಿಡಿಲಿನ ಎಚ್ಚರಿಕೆ ಕೊಡಲು ‘ದಾಮಿನಿ’ ಆ್ಯಪ್ ಇದೆ. ತೊಗರಿ ಹೊಲದಲ್ಲಿ ಕಳೆ ಕೀಳುವವಳ ಕೈಯಲ್ಲಿರುವುದು ಬಟನ್ ಫೋನು. ಮರದ ಕೆಳಗೆ ನಿಲ್ಲಬೇಡಿ, ಪಕ್ಕಾ ಕಟ್ಟಡ ಸೇರಿ ಅನ್ನುತ್ತದೆ ಸಲಹೆ. ಕಣ್ಣು ಹಾಯುವಷ್ಟು ದೂರ ಇರುವುದು ಒಂದೇ ಬೇವಿನ ಮರ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳು ಒಮ್ಮೆಲೇ ಕಿರುಚಿದವು. ನೋಡಿದರೆ ಅದು ತುರ್ತು ಎಚ್ಚರಿಕೆಯ ಪರೀಕ್ಷೆಯಂತೆ. ಸ್ಮಾರ್ಟ್‌ಫೋನ್ ಇಲ್ಲದವರು ಅದಕ್ಕೆ ಕೂರಲೇ ಇಲ್ಲ.

ಹೊಳಿಯ ನೀರಿಗಾದರೆ ಖರ್ಚಿಲ್ಲದ ದಾರಿಯೊಂದಿದೆ. 2020ರ ನೀರು ಮುಟ್ಟಿದಲ್ಲಿ ಪ್ರತಿ ಊರಿನ ಗೋಡೆಗೂ ಕೆಂಪು ಗೆರೆ ಎಳೆದು, ಡಂಗುರ ಹೊಡೆಸಬೇಕು: “ನಾಳೆ ಹೊತ್ತು ಮುಳುಗೂದ್ರೊಳಗ ಗೆರಿ ತನಕ ನೀರು ಬರ್ತಾವ, ದನ ಬಿಚ್ಚಿ ಸಾಲಿಗುಡಿಗಿ ನಡೀರಿ.”

ಆದರೆ ಇದು ಆಗುವ ಮಾತಲ್ಲ. ನೀರು ಗೆರೆ ದಾಟಿದರೆ ಹೇಳಿದವರ ತಪ್ಪು ಊರಿಗೆಲ್ಲ ಕಾಣುತ್ತದೆ. ಕ್ಯೂಸೆಕ್ಸ್‌ನಲ್ಲಿ ಹೇಳಿದರೆ ಆ ಭಯವಿಲ್ಲ, ಮುಳುಗಿದವರದೇ ತಪ್ಪು.